ನ್ಯೂಮನ್ನನ ‘ಅಪಾಲಜಿಯ’: ಮತಾಂತರದ ಇತಿಹಾಸವೂ ಅದರ ಎಲ್ಲೆಯೂ

ಜಾನ್ ಹೆನ್ರಿ ನ್ಯೂಮನ್ನನ ‘ಅಪಾಲಜಿಯ ಪ್ರೊ ವಿಟ ಸುಅ’ ಎಂಬ ಗ್ರಂಥವನ್ನು ಆತ್ಮಚರಿತ್ರೆಗಳ ಸಾಲಿನಲ್ಲಿ ಎಣಿಸುವುದು ವಾಡಿಕೆಯಾಗಿದ್ದರೂ, ಹುಟ್ಟಿನಿಂದ ಅದೊಂದು ಪ್ರತ್ಯುತ್ತರ. ೧೮೬೪ರ ಜನವರಿಯಲ್ಲಿ ಚಾರ್ಲ್ಸ್ ಕಿಂಗ್‌ಸ್ಲಿಯು ಮ್ಯಾಕ್‌ಮಿಲನ್ ಮಾಸಪತ್ರಿಕೆಯ ಒಂದು ವಿಮರ್ಶೆಯಲ್ಲಿ, ಸತ್ಯವನ್ನು ಸತ್ಯಕ್ಕಾಗಿಯೇ ಆದರಿಸುವುದು ರೋಮನ್ ಪಾದ್ರಿಗಳ ಗುಣವಲ್ಲವೆಂದೂ, ನ್ಯೂಮನ್ನನೇ ಹಾಗೆ ಬೋಧಿಸುವನೆಂದೂ ಬರೆದನು. ಆ ವರ್ಷದ ಏಪ್ರಿಲಿನಿಂದ ಜೂನಿನವರೆಗೆ ಉತ್ತರವು ವಾರವಾರವೂ ಕಿರುಹೊತ್ತಗೆಗಳಾಗಿ ಹೊರಟಿತು. ಮತವನ್ನು ಬದಲಿಸಿದವನು ವಂಚಕನಲ್ಲವೆಂದು ಸಾಧಿಸಬೇಕಾಗಿತ್ತು. ಅದಕ್ಕೆ ವಾದವು ಸಾಲದೆ, ಬದಲಾವಣೆಯ ಕಥೆಯನ್ನೇ ಹೇಳಬೇಕಾಯಿತು.

೧೮೬೫ರ ಮುದ್ರಣದಲ್ಲಿ ಗ್ರಂಥದ ಹೆಸರು ‘ನನ್ನ ಧಾರ್ಮಿಕ ಅಭಿಪ್ರಾಯಗಳ ಇತಿಹಾಸ’ ಎಂದಾಯಿತು. ಕನ್ನಡದಲ್ಲಿ ‘ಮತ’ವೆಂಬ ಒಂದೇ ಶಬ್ದವು ಅಭಿಪ್ರಾಯಕ್ಕೂ ಧರ್ಮಕ್ಕೂ ಸಲ್ಲುವುದರಿಂದ, ‘ಮತಾಂತರ’ವೆಂಬ ಪದವು ಈ ಗ್ರಂಥದ ವಿಷಯವನ್ನು ಇಂಗ್ಲಿಷಿಗಿಂತ ಚೆನ್ನಾಗಿ ಹಿಡಿಯುವುದು. ದಮಸ್ಕದ ದಾರಿಯಲ್ಲಿ ಪೌಲನಿಗೆ ಕಂಡ ಬೆಳಕಾಗಲಿ, ಮಿಲಾನಿನ ತೋಟದಲ್ಲಿ ಆಗಸ್ಟೀನನಿಗೆ ಕೇಳಿಸಿದ ಮಗುವಿನ ದನಿಯಾಗಲಿ ರೋಮಿನ ಕಡೆಗೆ ನಡೆದ ನ್ಯೂಮನ್ನನಿಗೆ ದೊರೆಯಲಿಲ್ಲ. ೧೮೩೯ರ ಬೇಸಗೆಯಲ್ಲಿ ಐದನೆಯ ಶತಮಾನದ ಏಕಸ್ವಭಾವವಾದಿಗಳ ಚರಿತ್ರೆಯನ್ನು ಓದುತ್ತಿದ್ದಾಗ, ಆಂಗ್ಲ ಸಭೆಯ ನಿಲುವು ಅಂದಿನ ಪಾಷಂಡಿಗಳ ನಿಲುವಿನಂತೆ ಅವನಿಗೆ ತೋರಿತು. ಆ ಸಂದೇಹವು ಅಡಗಿತು, ಮತ್ತೆ ಎದ್ದಿತು. ೧೮೪೧ರಲ್ಲಿ ಅವನ ತೊಂಬತ್ತನೆಯ ‘ಟ್ರ್ಯಾಕ್ಟ್’ ಖಂಡನೆಗೆ ಗುರಿಯಾಯಿತು. ೧೮೪೩ರಲ್ಲಿ ಆಕ್ಸ್‌ಫರ್ಡಿನ ಸಂತ ಮೇರಿಯ ದೇವಾಲಯದ ಪಾದ್ರಿಯ ಪದವಿಯನ್ನು ಬಿಟ್ಟನು. ೧೮೪೫ರ ಅಕ್ಟೋಬರ್ ೯ರಂದು ಲಿಟ್ಲ್‌ಮೋರಿನಲ್ಲಿ ರೋಮನ್ ಸಭೆಯನ್ನು ಸೇರಿದನು. ಆರು ವರ್ಷಗಳ ಈ ನಿಧಾನವೇ ಗ್ರಂಥದ ಸಾರಭಾಗ. ಬುದ್ಧಿಯು ವಾಲಿದ ಮೇಲೂ ಮನಸ್ಸು ಹಿಂದೆ ನಿಲ್ಲುವುದನ್ನು, ಹಳೆಯ ಪತ್ರಗಳನ್ನು ಮುಂದಿಟ್ಟು, ರೋಮಿನ ಮೇಲೆ ತಾನೇ ಹಿಂದೆ ಆಡಿದ್ದ ಕಟುನುಡಿಗಳನ್ನೂ ಮರೆಸದೆ ತೋರಿಸಿರುವನು. ಕಿಂಗ್‌ಸ್ಲಿಗೆ ನಿಜವಾದ ಉತ್ತರವಿರುವುದು ಈ ಪುಟಗಳಲ್ಲಿ. ಮೊದಲ ಭಾಗಗಳ ವ್ಯಂಗ್ಯೋಕ್ತಿಗಳಲ್ಲಿ ಅಲ್ಲ. ಅವುಗಳನ್ನು ೧೮೬೫ರಲ್ಲಿ ಗ್ರಂಥಕರ್ತನೇ ಕೈಬಿಟ್ಟುದು ಉಚಿತವಾಗಿದೆ.

ಕೊನೆಯ ಅಧ್ಯಾಯಕ್ಕೆ ಈ ಪ್ರಶಂಸೆಯು ಸಲ್ಲದು. ರೋಮನ್ ಸಭೆಯನ್ನು ಸೇರಿದ ಮೇಲೆ ತನ್ನ ಅಭಿಪ್ರಾಯಗಳಿಗೆ ಹೇಳತಕ್ಕ ಇತಿಹಾಸವೇ ಇಲ್ಲವೆಂದು, ಗ್ರಂಥಕರ್ತನು ಕಥನವನ್ನು ನಿಲ್ಲಿಸಿ ವಾದಕ್ಕೆ ತಿರುಗುವನು. ವಾದವು ಗಂಭೀರವಾದುದೇ, ಲೋಕದ ದುಃಸ್ಥಿತಿಯನ್ನು ಕುರಿತ ಆ ಸುದೀರ್ಘ ವಾಕ್ಯಕ್ಕೆ ಸಮನಾದ ಗದ್ಯವು ಆ ಶತಮಾನದಲ್ಲಿ ವಿರಳ. ಆದರೂ ಅದೇ ೧೮೪೫ರಲ್ಲಿ ಕ್ರೈಸ್ತ ಸಿದ್ಧಾಂತದ ಬೆಳವಣಿಗೆಯನ್ನು ಕುರಿತ ತನ್ನ ಪ್ರಬಂಧದಲ್ಲಿ, ಜೀವಂತವಾದ ಭಾವನೆಯು ಬದಲಾಗುತ್ತಲೇ ತನ್ನತನವನ್ನು ಉಳಿಸಿಕೊಳ್ಳುವುದೆಂದು ಪ್ರತಿಪಾದಿಸಿದವನು ಈತನೇ ಅಲ್ಲವೆ? ಸಭೆಗೆ ಸಲ್ಲುವ ನಿಯಮವು ಭಕ್ತನೊಬ್ಬನ ಅಂತರಂಗಕ್ಕೇಕೆ ಸಲ್ಲಬಾರದು? ಸಂದೇಹವಿಲ್ಲದಿರುವುದು ಬೇರೆ, ಇತಿಹಾಸವಿಲ್ಲದಿರುವುದು ಬೇರೆ. ಎದುರಾಳಿಗಳು ಹೊಂಚುತ್ತಿದ್ದ ಕಾಲದಲ್ಲಿ ಸಣ್ಣ ಬದಲಾವಣೆಯನ್ನು ಒಪ್ಪಿದರೂ ಅದು ಚಾಂಚಲ್ಯವೆನಿಸೀತೆಂಬ ಎಚ್ಚರಿಕೆಯು ಇಲ್ಲಿ ಲೇಖನಿಯನ್ನು ತಡೆದಿರಬಹುದು. ೧೮೭೦ರಲ್ಲಿ ಪ್ರಕಟವಾದ ‘ಸಮ್ಮತಿಯ ವ್ಯಾಕರಣ’ದಲ್ಲಿ, ಕೇವಲ ಕಲ್ಪನೆಯನ್ನು ಒಪ್ಪುವ ಸಮ್ಮತಿಗೂ ವಸ್ತುವನ್ನು ಕಣ್ಣಾರೆ ಕಂಡಂತೆ ಒಪ್ಪುವ ಸಮ್ಮತಿಗೂ ಭೇದವನ್ನು ಮಾಡಿ, ಮೊದಲನೆಯದು ಎರಡನೆಯದಾಗಿ ಮಾಗುವ ಬಗೆಯನ್ನು ಅವನು ವಿವರಿಸಿರುವನು. ‘ಅಪಾಲಜಿಯ’ದ ಕೊನೆಯ ಅಧ್ಯಾಯಕ್ಕೆ ಸೇರಬೇಕಾಗಿದ್ದ ಸಾಮಗ್ರಿಯು ಅಲ್ಲಿ ತರ್ಕಶಾಸ್ತ್ರದ ವೇಷದಲ್ಲಿ ದೊರೆಯುವುದು.