ಬಯಲು ಕಛೇರಿಗೆ ಮರದ ಬೆನ್ನು

ಮಳೆಗಾಲ ಮುಗಿದು ಚಳಿ ಹೊಸ್ತಿಲಿಗೆ ಬಂದಿತೆಂದರೆ ಹೈದರಾಬಾದಿನ ಸಂಗೀತ ಸಭಾಂಗಣ ಬಿಟ್ಟು ಬಯಲಿಗೆ ಬರುತ್ತದೆ. ಪಂಡಿತ ಜಸರಾಜರು ತಮ್ಮ ತಂದೆ ಮೋತಿರಾಮರ ನೆನಪಿಗಾಗಿ ೧೯೭೨ರಲ್ಲಿ ಆರಂಭಿಸಿದ ಸಮಾರೋಹ ಕೆಲವು ವರ್ಷ ಚೌಮಹಲ್ಲಾ ಅರಮನೆಯ ಅಂಗಳದಲ್ಲಿ ನಡೆದುದುಂಟು. ತಾರಾಮತಿ ಬಾರಾದರಿಯಲ್ಲಂತೂ ಬಯಲು ರಂಗಮಂದಿರವೇ ಇದೆ. ತೆರೆದ ಆಕಾಶದ ಕೆಳಗೆ ಕುಳಿತು ಮಾರುಬಿಹಾಗ್ ಕೇಳುವ ಸುಖವನ್ನು ಅಲ್ಲಗಳೆಯುವವರಾರು? ಆದರೆ ಅಲ್ಲಿ ನಮಗೆ ನಿಜವಾಗಿ ಕೇಳಿಸುವುದೇನು ಎಂಬುದು ಬೇರೆಯೇ ಪ್ರಶ್ನೆ. ನಮ್ಮ ವಿಮರ್ಶಕರು ರಾಗದ ಬಗ್ಗೆ ಎರಡು ಪುಟ ಬರೆದು, ಧ್ವನಿಯ ಬಗ್ಗೆ ‘ಮೈಕಿನ ವ್ಯವಸ್ಥೆ ಸಮರ್ಪಕವಾಗಿರಲಿಲ್ಲ’ ಎಂಬ ಒಂದು ವಾಕ್ಯದಲ್ಲಿ ಕೈತೊಳೆದುಕೊಳ್ಳುತ್ತಾರೆ.

ವೇದಿಕೆಯನ್ನೊಮ್ಮೆ ನೋಡಿ. ಕಬ್ಬಿಣದ ಕೊಳವೆಗಳ ಮೇಲೆ ಅಟ್ಟ, ಮೇಲೆ ಶಾಮಿಯಾನ, ಬೆನ್ನ ಹಿಂದೆ ಹೂವಿನ ಅಲಂಕಾರ ಹೊತ್ತ ಬಟ್ಟೆ, ಎರಡೂ ಕಡೆ ಆಳೆತ್ತರದ ಧ್ವನಿವರ್ಧಕಗಳು. ಗಾಯಕನ ದನಿಯನ್ನು ಅವನಿಗೇ ಹಿಂದಿರುಗಿಸುವ ವಸ್ತು ಇದರಲ್ಲಿ ಒಂದೂ ಇಲ್ಲ. ಬಯಲಿನಲ್ಲಿ ದೂರ ಇಮ್ಮಡಿಸಿದಂತೆಲ್ಲ ಧ್ವನಿಯ ಮಟ್ಟ ಸುಮಾರು ೬ ಡೆಸಿಬೆಲ್ ಇಳಿಯುತ್ತದೆ. ಸಭಾಂಗಣದಲ್ಲಿ ಗೋಡೆಗಳು ಈ ನಷ್ಟವನ್ನು ಸ್ವಲ್ಪವಾದರೂ ತುಂಬಿಕೊಡುತ್ತವೆ. ಬಟ್ಟೆ ಏನನ್ನೂ ತುಂಬಿಕೊಡದು. ಹೀಗಾಗಿ ಗಾಯಕನ ಎದುರಿಗೊಂದು ಪುಟ್ಟ ಸ್ಪೀಕರ್ ಇಡುತ್ತಾರೆ. ಅದರ ಸದ್ದು ಮತ್ತೆ ಮೈಕಿಗೆ ಹೊಕ್ಕು ಕೀರಲುತ್ತದೆ. ಮೈಕಿನವನು ಹೆದರಿ ಎಲ್ಲವನ್ನೂ ತಗ್ಗಿಸುತ್ತಾನೆ. ಮೊದಲು ಮಾಯವಾಗುವುದು ತಂಬೂರಿ. ಹಿಂದಿನ ಚಳಿಗಾಲದಲ್ಲಿ ನಗರದ ಒಂದು ಬಯಲು ಕಛೇರಿಯಲ್ಲಿ ಗಾಯಕಿಯೊಬ್ಬರು ವಿಲಂಬಿತದ ನಡುವೆ ಮೂರು ಸಲ ತಂಬೂರಿಯ ಕಡೆ ಕೈತೋರಿಸಬೇಕಾಯಿತು. ಶ್ರುತಿ ಕಿವಿಗೆ ಬೀಳದವರು ಷಡ್ಜದಲ್ಲಿ ನಿಲ್ಲುವುದಾದರೂ ಹೇಗೆ?

ಇಂಥ ಮಾತು ಬಂದಾಗ ಇಲ್ಲಿನವರು ಗೋಲ್ಕೊಂಡದ ಚಪ್ಪಾಳೆಯನ್ನು ನೆನಪಿಸುತ್ತಾರೆ. ನಮ್ಮವರು ವಿಜಾಪುರದ ಗೋಲಗುಮ್ಮಟವನ್ನು ತರುತ್ತಾರೆ. ಎರಡೂ ದಖ್ಖನಿನ ಹೆಮ್ಮೆಗಳೇ. ಆದರೆ ಕೋಟೆಯ ಕಮಾನಿನ ಕೆಳಗಿನ ಚಪ್ಪಾಳೆ ಒಂದು ಸೂಚನೆ, ಸಂಗೀತವಲ್ಲ. ಗುಮ್ಮಟದೊಳಗೆ ಒಂದು ಸದ್ದು ಮತ್ತೆ ಮತ್ತೆ ಮರುಕಳಿಸುತ್ತದೆ. ಅಲ್ಲಿ ದ್ರುತ್ ತಾನ್ ಹಾಡಿದರೆ ಸ್ವರಗಳೆಲ್ಲ ಕಲಸಿಹೋದಾವು. ಕಛೇರಿಗೆ ಬೇಕಾದುದು ಪ್ರತಿಧ್ವನಿಯಲ್ಲ, ಬೇಗ ಬರುವ ಮರುದನಿ. ಮೂಲ ಧ್ವನಿಯ ನಂತರ ೫೦ ಮಿಲಿಸೆಕೆಂಡಿನೊಳಗೆ ಬಂದುದನ್ನು ಕಿವಿ ಬೇರೆಯಾಗಿ ಎಣಿಸದೆ ಮೂಲದೊಂದಿಗೇ ಸೇರಿಸಿಕೊಳ್ಳುತ್ತದೆ. ಗಾಯಕನ ಹಿಂದೆ ೮ ಅಡಿ ದೂರದಲ್ಲಿ ಒಂದು ಗಟ್ಟಿ ಗೋಡೆಯಿದ್ದರೆ ದನಿ ಹೋಗಿ ಬರಲು ಸುಮಾರು ೧೫ ಮಿಲಿಸೆಕೆಂಡ್ ಸಾಕು.

ಆ ಗೋಡೆ ಮರದ್ದಾಗಿರಬೇಕೆಂಬುದು ನನ್ನ ವಾದ. ಮರಕ್ಕೇನೋ ‘ಮಾಧುರ್ಯ’ವಿದೆ ಎಂಬ ಕಾರಣಕ್ಕಲ್ಲ, ವೀಣೆಯ ಕೊಡದ ಕೆಲಸವೇ ಬೇರೆ, ಗೋಡೆಯ ಕೆಲಸವೇ ಬೇರೆ. ಮರವನ್ನು ಬಿಚ್ಚಬಹುದು, ಹೊರಬಹುದು, ಬಡಗಿ ಒಂದು ದಿನದಲ್ಲಿ ತಿದ್ದಬಹುದು. ಆದರೆ ತೆಳು ಹಲಗೆ ಸಲ್ಲದು. ಕಾಲಂಗುಲದ ಪ್ಲೈವುಡ್ ತಾನೇ ಕಂಪಿಸಿ ಮಂದ್ರವನ್ನು ನುಂಗುತ್ತದೆ. ೧೮ ಮಿಲಿಮೀಟರ್ ದಪ್ಪ, ಹಿಂದೆ ಅಡ್ಡಪಟ್ಟಿ, ಸಂದಿಯಿಲ್ಲದ ಜೋಡಣೆ ಬೇಕು. ಚಿಕ್ಕದೂ ಸಲ್ಲದು. ಪುರುಷ ಗಾಯಕನ ಷಡ್ಜದ ತರಂಗ ಸುಮಾರು ೮ ಅಡಿ ಉದ್ದ. ಅದಕ್ಕಿಂತ ಕಿರಿದಾದ ಹಲಗೆಯನ್ನು ಬಳಸಿಕೊಂಡು ದನಿ ಹಿಂದಕ್ಕೆ ಸರಿದುಹೋಗುತ್ತದೆ. ೮ ಅಡಿ ೪ ಅಡಿಯ ಐದು ಹಲಗೆಗಳನ್ನು ನಿಲ್ಲಿಸಿದರೆ ೨೦ ಅಡಿಯ ಗೋಡೆ. ಇನ್ನೈದನ್ನು ತಲೆಯ ಮೇಲೆ ಶ್ರೋತೃಗಳ ಕಡೆಗೆ ವಾಲಿಸಿದರೆ ಮುಂದಿನ ಸಾಲುಗಳಿಗೂ ಪಾಲು ಸಿಕ್ಕೀತು. ಗೋಡೆಯನ್ನು ಬಿಲ್ಲಿನಂತೆ ಬಾಗಿಸುವ ಆಸೆ ಅಲಂಕಾರದವರಿಗೆ ಬರುವುದು ಖಂಡಿತ. ಬಾಗಿದ ಗೋಡೆ ಧ್ವನಿಯನ್ನು ಒಂದೇ ಕಡೆ ರಾಶಿ ಹಾಕುತ್ತದೆ. ಆ ಜಾಗದಲ್ಲಿ ತಬಲಾದವರು ಕುಳಿತಿದ್ದರಂತೂ ಮುಗಿಯಿತು.

ಹೊರದೇಶಗಳಲ್ಲಿ ಈ ಪಾಠವನ್ನು ಕಷ್ಟಪಟ್ಟೇ ಕಲಿತಿದ್ದಾರೆ. ಅಮೆರಿಕದ ಹಾಲಿವುಡ್ ಬೌಲ್ ಎಂಬ ಬಯಲು ರಂಗಕ್ಕೆ ಲಾಯ್ಡ್ ರೈಟ್ ೧೯೨೭ರಲ್ಲಿ ‘ರಾಬಿನ್ ಹುಡ್’ ಪ್ರದರ್ಶನವೊಂದರಲ್ಲಿ ಉಳಿದ ಮರದಿಂದಲೇ ಹಿನ್ನೆಲೆ ಕಟ್ಟಿದರು. ಧ್ವನಿ ಮೆಚ್ಚುಗೆ ಪಡೆಯಿತು, ರೂಪ ಹಿಡಿಸಲಿಲ್ಲ. ಒಂದೇ ಋತುವಿಗೆ ಅದು ಹೋಯಿತು. ಮರುವರ್ಷ ಅವರೇ ಕಟ್ಟಿದ್ದು ಬಿಚ್ಚಿ ಇಡಬಹುದಾದ ಮರದ ಕಮಾನುಗಳು. ಬಿಚ್ಚಿಡಬೇಕಾದವರು ಬಿಚ್ಚಲಿಲ್ಲ, ನೀರು ಬಿದ್ದು ಹಾಳಾಯಿತು. ಬದಿ ತೆರೆದ ಟ್ಯಾಂಗಲ್‌ವುಡ್ ಸಂಗೀತ ಚಪ್ಪರದಲ್ಲಿ ೧೯೫೯ರಲ್ಲಿ ವಾದ್ಯವೃಂದದ ಮೇಲೆ ತ್ರಿಕೋನ ಪ್ಲೈವುಡ್ ಹಲಗೆಗಳನ್ನು ನಡುನಡುವೆ ತೆರಪು ಬಿಟ್ಟು ತೂಗುಹಾಕಿದರು.

ಮರದ ಗೋಡೆ ಬಂದರೆ ಮೈಕು ಬೇಡವೆಂದು ನಾನು ಹೇಳುತ್ತಿಲ್ಲ. ಎರಡು ಸಾವಿರ ಜನ ಕುಳಿತ ಅಂಗಳದ ಕೊನೆಯ ಸಾಲನ್ನು ಹಲಗೆ ಮುಟ್ಟಲಾರದು. ಬೆಂಗಳೂರಿನ ಫೋರ್ಟ್ ಹೈಸ್ಕೂಲ್ ಮೈದಾನದ ರಾಮನವಮಿ ಚಪ್ಪರದಲ್ಲಿ ಕೇಳಿದವರಿಗೆ ಜನಸಂದಣಿ ಎಂದರೇನೆಂಬುದು ಗೊತ್ತು. ಆದರೆ ಗಾಯಕ ತನ್ನ ದನಿಯನ್ನು ತಾನು ಕೇಳಿಕೊಂಡರೆ ಎದುರಿನ ಸ್ಪೀಕರನ್ನು ತಗ್ಗಿಸಬಹುದು, ಮೈಕಿನ ಗಂಟಲನ್ನೂ ಸ್ವಲ್ಪ ಬಿಗಿಯಬಹುದು. ಇನ್ನೂರು ಮುನ್ನೂರು ಜನರ ನಮ್ಮ ಕನ್ನಡ ಕೂಟಗಳಿಗಂತೂ ಇದರಿಂದ ತುಂಬ ಪ್ರಯೋಜನ.

ಖರ್ಚಿನ ಮಾತು ಬರುತ್ತದೆ. ಹೂವಿನ ಗೋಡೆ ಮರುದಿನ ಬೆಳಿಗ್ಗೆ ತಿಪ್ಪೆಗೆ ಹೋಗುತ್ತದೆ. ಹಲಗೆಗಳನ್ನು ಗೆದ್ದಲು ಹತ್ತದಂತೆ ಒಣಗಿದ ಕೋಣೆಯಲ್ಲಿಟ್ಟರೆ ಹಲವು ಚಳಿಗಾಲ ಬಂದಾವು. ಗಾಳಿಯದೇ ನಿಜವಾದ ಭಯ. ೧೬೦ ಚದರಡಿಯ ಹಲಗೆ ಹಾಯಿಯಂತೆ ಗಾಳಿ ಹಿಡಿಯುತ್ತದೆ. ಹಿಂದೆ ಊರೆಗೋಲು, ಬುಡಕ್ಕೆ ಮರಳಿನ ಚೀಲ, ತಲೆಯ ಮೇಲಿನದಕ್ಕೆ ಎಂಜಿನಿಯರ್ ಒಪ್ಪಿದ ಕಬ್ಬಿಣದ ಚೌಕಟ್ಟು, ಇವಿಲ್ಲದೆ ಯಾವ ಸಭೆಯೂ ಕೈಹಾಕಬಾರದು. ಅಷ್ಟಾದ ಮೇಲೆ ಕಛೇರಿಯ ಮಧ್ಯಾಹ್ನ ಮೈಕು ಹಚ್ಚದೆ ಒಬ್ಬರನ್ನು ತಂಬೂರಿಯೊಂದಿಗೆ ಕೂರಿಸಿ, ಕಾರ್ಯದರ್ಶಿಗಳು ಹತ್ತನೆಯ ಸಾಲಿನಲ್ಲಿ ಕುಳಿತು ಕೇಳಲಿ. ಇಷ್ಟು ಮಾಡಿ ನೋಡಿದ ಸಭೆ ಈ ಊರಿನಲ್ಲಿ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.