ಕಂಡ ಆಕಾಶ, ಓದಿದ ಆಕಾಶ

ಪ್ರಾಚೀನರು ಇರುಳಿನ ಆಕಾಶವನ್ನು ಏತಕ್ಕಾಗಿ ನೋಡುತ್ತಿದ್ದರು ಎಂಬ ಪ್ರಶ್ನೆಗೆ ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡು: ಭಕ್ತಿ ಮತ್ತು ಭವಿಷ್ಯ. ಹೊಟ್ಟೆಪಾಡು ಎಂಬ ಮೂರನೆಯ ಉತ್ತರ ಅಷ್ಟಾಗಿ ಕೇಳಿಬರುವುದಿಲ್ಲ. ಅದನ್ನು ಅರಿಯಲು ಗ್ರೀಕ್ ಕವಿ ಹೆಸಿಯಡನ ‘ದುಡಿಮೆ ಮತ್ತು ದಿನಗಳು’ ಎಂಬ ಕಾವ್ಯವನ್ನು ಓದಬೇಕು. ಕ್ರಿಸ್ತಪೂರ್ವ ಸುಮಾರು 700ರ ಈ ಕೃತಿಯನ್ನು ನಾವು ಓದಿದ್ದು ಇಂಗ್ಲಿಷ್ ಅನುವಾದದಲ್ಲಿ. ಮೂಲದ ಛಂದಸ್ಸನ್ನು ಕುರಿತು ಮಾತನಾಡುವ ಅಧಿಕಾರ ನಮಗಿಲ್ಲ.

ಹೆಸಿಯಡ್ ಬಿಯೋಷಿಯ ಪ್ರಾಂತದ ಆಸ್ಕ್ರ ಎಂಬ ಹಳ್ಳಿಯ ಒಕ್ಕಲಿಗ. ಆಸ್ತಿಗಾಗಿ ಜಗಳವಾಡಿದ ಸೋದರ ಪರ್ಸೆಸನಿಗೆ ಬುದ್ಧಿ ಹೇಳುವ ರೂಪದಲ್ಲಿ ಕಾವ್ಯ ಸಾಗುತ್ತದೆ. ಅದರಲ್ಲಿ ಬರುವ ನಕ್ಷತ್ರಗಳಿಗೆಲ್ಲ ಒಂದೊಂದು ಕೆಲಸವುಂಟು. ಕೃತ್ತಿಕೆ ನಲವತ್ತು ದಿನ ಮರೆಯಾಗಿದ್ದು ಮುಂಜಾವದಲ್ಲಿ ಮತ್ತೆ ಮೂಡಿದಾಗ ಕೊಯ್ಲು. ಅದು ಬೆಳಗಿನ ಜಾವ ಮುಳುಗುವ ಕಾಲಕ್ಕೆ ಉಳುಮೆ. ಮಹಾವ್ಯಾಧನೂ ಲುಬ್ಧಕವೂ ನಡುಬಾನಿಗೇರಿ, ಸ್ವಾತಿ ಮುಂಜಾವದಲ್ಲಿ ಕಂಡಾಗ ದ್ರಾಕ್ಷಿಯ ಸುಗ್ಗಿ. ಕ್ರೌಂಚ ಪಕ್ಷಿಯ ಕೂಗು, ಗಿಡವೇರುವ ಬಸವನಹುಳು, ಇವೂ ನಕ್ಷತ್ರಗಳ ಜೊತೆಗೇ ಸಾಕ್ಷಿ ನುಡಿಯುತ್ತವೆ. ಆಕಾಶವನ್ನು ನೆಲದಿಂದ ಬೇರ್ಪಡಿಸದಿರುವುದೇ ಈ ಕಾವ್ಯದ ಹಿರಿಮೆ.

ದೋಷಗಳಿಲ್ಲವೆಂದಲ್ಲ. ಬೇಸಗೆಯ ಬೇಗೆಗೆ ಕವಿ ಲುಬ್ಧಕವನ್ನೇ ಹೊಣೆಯಾಗಿಸುತ್ತಾನೆ. ಕೊನೆಯಲ್ಲಿ ಬರುವ ಶುಭ ಅಶುಭ ದಿನಗಳ ಪಟ್ಟಿಯಲ್ಲಿ ನೋಟ ಹಿಂದೆ ಸರಿದು ನಂಬಿಕೆ ಮುಂದೆ ಬರುತ್ತದೆ. ಆ ಭಾಗ ಅವನದಲ್ಲವೆಂದು ವಾದಿಸಿದ ವಿದ್ವಾಂಸರೂ ಉಂಟು. ಯಾರದ್ದಾದರೂ ಆಗಲಿ, ಕಾವ್ಯ ಅಲ್ಲಿ ಸೊರಗಿದೆ.

ಇದರ ಪಕ್ಕದಲ್ಲಿ, ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲದ ನಂತರ ಅರಾಟಸ್ ರಚಿಸಿದ ‘ಫಿನಾಮಿನಾ’ ಕಾವ್ಯವನ್ನಿಟ್ಟು ನೋಡಬೇಕು. ಇದು ಹೆಚ್ಚು ನಯವಾದ ಕೃತಿ; ಸಿಸೆರೊನಂಥವನೇ ಲ್ಯಾಟಿನ್ನಿಗೆ ತಂದ ಕೃತಿ. ಆದರೆ ಅದರ ನಕ್ಷತ್ರ ವರ್ಣನೆಯ ಬಹುಭಾಗಕ್ಕೆ ಆಧಾರ ಯುಡಾಕ್ಸಸನ ಗದ್ಯಗ್ರಂಥ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಖಗೋಳಜ್ಞ ಹಿಪಾರ್ಕಸ್ ಇಬ್ಬರ ತಪ್ಪುಗಳನ್ನೂ ಎತ್ತಿ ತೋರಿಸಿ ಒಂದು ವ್ಯಾಖ್ಯಾನವನ್ನೇ ಬರೆದನು. ಅವನ ಗ್ರಂಥಗಳಲ್ಲಿ ಇಂದಿಗೆ ಪೂರ್ಣವಾಗಿ ಉಳಿದಿರುವುದು ಈ ವಿಮರ್ಶೆಯೊಂದೇ. ಕಣ್ಣಿಂದ ಕಂಡದ್ದಕ್ಕೂ ಪುಸ್ತಕದಿಂದ ಪಡೆದದ್ದಕ್ಕೂ ಇರುವ ಅಂತರ ಇಷ್ಟು.

ಈ ಮಾತು ನಮಗೂ ಸಲ್ಲುತ್ತದೆ. ನಮ್ಮ ರೈತರ ಮಳೆ ನಕ್ಷತ್ರಗಳು, ನೆರೆಯ ತೆಲುಗರ ಕಾರ್ತೆಗಳು ಹೆಸಿಯಡನ ಲೆಕ್ಕಕ್ಕೆ ದೂರದ ಬಂಧುಗಳು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವನೆಂಬುದು ನಮ್ಮ ಎಣಿಕೆ. ಕೃತ್ತಿಕಾ ಮಳೆಯ ದಿನಗಳಲ್ಲಿ ಕೃತ್ತಿಕೆ ಇರುಳಲ್ಲಿ ಕಾಣುವುದಿಲ್ಲ. ಅದು ಸೂರ್ಯನ ಬೆಳಕಿನಲ್ಲಿ ಮರೆಯಾಗಿರುತ್ತದೆ. ಹೆಸಿಯಡನ ನಲವತ್ತು ದಿನಗಳ ಮರೆಯೂ ಇದೇ. ಅದು ಮತ್ತೆ ಮೂಡಿದಾಗ ಅವನು ಕುಡುಗೋಲು ಮಸೆದನು. ನಾವು ಬಿತ್ತನೆಗೆ ಅಣಿಯಾಗುತ್ತೇವೆ. ಒಂದೇ ನಕ್ಷತ್ರಕ್ಕೆ ಎರಡು ನಾಡುಗಳಲ್ಲಿ ಎರಡು ಕೆಲಸ. ನಕ್ಷತ್ರ ಕಾಲದ ಗುರುತೇ ಹೊರತು ಫಲದ ಕಾರಣವಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕೆ?

ಆ ಗುರುತೂ ಸ್ಥಿರವಲ್ಲ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ನಕ್ಷತ್ರಕ್ಕೂ ಋತುವಿಗೂ ಇರುವ ಹೊಂದಾಣಿಕೆ ಸರಿಯುತ್ತದೆ. ಸುಮಾರು 950 ವರ್ಷಗಳಲ್ಲಿ ಒಂದು ಇಡೀ ನಕ್ಷತ್ರದಷ್ಟು. ಈ ಚಲನೆಯನ್ನು ಕಂಡುಹಿಡಿದ ಕೀರ್ತಿಯೂ ಹಿಪಾರ್ಕಸನಿಗೇ ಸಲ್ಲುತ್ತದೆ. ಹಳೆಯ ಮಾತನ್ನು ಗೌರವಿಸುವವರು ಅದನ್ನು ಕಾಲಕಾಲಕ್ಕೆ ಆಕಾಶದೊಡನೆ ಒರೆಹಚ್ಚಿ ನೋಡಬೇಕಾಗಿರುವುದು ಇದಕ್ಕಾಗಿ.

ನಾವು ವರ್ಷಗಟ್ಟಲೆ ಮಕ್ಕಳಿಂದ ಇಪ್ಪತ್ತೇಳು ನಕ್ಷತ್ರಗಳ ಹೆಸರನ್ನು ಕಂಠಪಾಠ ಮಾಡಿಸಿದವರು. ಒಮ್ಮೆ ಒಬ್ಬ ಬಾಲಕ, ‘ಕೃತ್ತಿಕೆ ಯಾವುದು ಸಾರ್, ತೋರಿಸಿ’ ಎಂದಾಗ ನಮಗೆ ತೋರಿಸಲು ಬರಲಿಲ್ಲ. ಕುರಿ ಕಾಯುವ ಅವನ ಅಜ್ಜನಿಗೆ ಬರುತ್ತಿತ್ತು. ಗಡಿಯಾಚೆಯ ನಾವು ಕನ್ನಡದ ಪದಗಳನ್ನು ಉಳಿಸಿಕೊಂಡಿದ್ದೇವೆಂದು ಹೆಮ್ಮೆಪಡುತ್ತೇವೆ. ಪದ ಉಳಿದು ಅದು ಬೆರಳಿಟ್ಟು ತೋರುವ ವಸ್ತು ಮರೆತುಹೋದರೆ ಆ ಹೆಮ್ಮೆ ಅರ್ಧದ್ದು. ಮಾಗಿಯ ಸಂಜೆಗಳಲ್ಲಿ ಕೃತ್ತಿಕೆ ನೆತ್ತಿಯ ಬಳಿಯೇ ಗೊಂಚಲಾಗಿ ಕಾಣುತ್ತದೆ. ಸಂಘದ ಬಂಧುಗಳು ಮಕ್ಕಳನ್ನು ಮಾಳಿಗೆಗೆ ಕರೆದೊಯ್ದು ಅದನ್ನು ಕನ್ನಡದ ಹೆಸರಿನಿಂದಲೇ ತೋರಿಸಲಿ ಎಂಬುದು ನಮ್ಮ ಬಿನ್ನಹ.