ಕಾವಿಯ ಕೆಂಪು, ಸುಣ್ಣದ ಬಿಳುಪು

ಯುರೋಪಿನ ಹಳೆಯ ಜಮೀನ್ದಾರಿ ಮನೆಗಳ ಛಾವಣಿಯಲ್ಲಿ ಸದ್ಗುಣಗಳು ಹೆಣ್ಣಿನ ರೂಪ ತಾಳಿ ಕೂತಿರುತ್ತವೆ: ನ್ಯಾಯದ ಕೈಗೆ ತಕ್ಕಡಿ, ಧೈರ್ಯದ ಪಕ್ಕದಲ್ಲೊಂದು ಕಂಬ. ಯಾವ ಗುಣಕ್ಕೆ ಯಾವ ಗುರುತು ಎಂದು ಹೇಳಲು ಚೆಸಾರೆ ರಿಪಾ 1593ರಲ್ಲಿ ಪುಸ್ತಕವನ್ನೇ ಬರೆದ. ನಮ್ಮ ಕರಾವಳಿಗೆ ಅಂಥ ಕೈಪಿಡಿ ಬೇಕಾಗಲಿಲ್ಲ. ಭಕ್ತಿ ಎಂದರೆ ಹನುಮಂತ, ಸಮೃದ್ಧಿ ಎಂದರೆ ಗಜಲಕ್ಷ್ಮಿ, ಮಕ್ಕಳಿಗೂ ಗೊತ್ತು.

ಅಂಕೋಲೆಯ ಲಕ್ಷ್ಮೀನಾರಾಯಣ ಮಹಾಮಾಯಾ ದೇವಸ್ಥಾನ ಇಂಥ ದೇವರುಗಳನ್ನು ಗೋಡೆಯ ಮೇಲೆ ಕೆಂಪು-ಬಿಳಿಯಲ್ಲಿ ಮೂಡಿಸುವ ಕಾವಿ ಚಿತ್ರಗಳಿಗೆ ಹೆಸರಾದದ್ದು. ಚಿತ್ರ ಎನ್ನುವುದೂ ಅಷ್ಟು ಸರಿಯಲ್ಲ, ಅದು ಕೆತ್ತನೆ. ಚಿಪ್ಪು ಸುಟ್ಟ ಸುಣ್ಣಕ್ಕೆ ಮರಳು, ಬೆಲ್ಲದ ನೀರು ಬೆರೆಸಿ, ಕೊಳೆಹಾಕಿ ಕುಟ್ಟಿ ಗೋಡೆಗೆ ಗಾರೆ. ಅದರ ಮೇಲೆ ಕೆಮ್ಮಣ್ಣಿನ ತೆಳು ಲೇಪ. ಹಸಿ ಆರುವ ಮೊದಲೇ ಕಂಠ ಎಂಬ ಚೂಪು ಉಪಕರಣದಿಂದ ಕೆಂಪನ್ನು ಕೆರೆದು ತೆಗೆಯಬೇಕು. ಆನೆಯ ಸೊಂಡಿಲಿನ ಗೆರೆಯ ಮೇಲೆ ಬೆರಳಾಡಿಸಿದರೆ ಸಣ್ಣ ಅಂಚು ತಾಗುತ್ತದೆ. ಆ ಬಿಳುಪು ಬಳಿದದ್ದಲ್ಲ, ಗೋಡೆಯದೇ. ಕೈ ತಪ್ಪಿದರೆ ಅಳಿಸಿ ತಿದ್ದುವಂತಿಲ್ಲ. ಎರಡೇ ಬಣ್ಣದಲ್ಲಿ ಇಷ್ಟು ಗಾಂಭೀರ್ಯ, ನನಗಂತೂ ತೈಲವರ್ಣಕ್ಕಿಂತ ಇದೇ ಮೇಲು.

ಹೊನ್ನಾವರದ ಕೃಷ್ಣಾನಂದ ಕಾಮತರು ಊರೂರು ತಿರುಗಿ ಫೋಟೋ ತೆಗೆದು ಇವನ್ನು ದಾಖಲಿಸಿದರು. ಅಷ್ಟರಲ್ಲೇ ಎಷ್ಟೋ ಗೋಡೆಗಳು ಜೀರ್ಣೋದ್ಧಾರದ ಉತ್ಸಾಹಕ್ಕೆ ಬಲಿಯಾಗಿದ್ದವು. ಮಳೆಗಾಲಗಳನ್ನು ತಡೆದುಕೊಂಡ ಗಾರೆ, ಟೈಲ್ಸ್ ಮುಂದೆ ಸೋತಿತು!

ನಿಮ್ಮೂರಿನ ಗುಡಿಯಲ್ಲೋ ತುಳಸಿಕಟ್ಟೆಯಲ್ಲೋ ಕಾವಿ ಉಳಿದಿದ್ದರೆ, ಮುಂದಿನ ಜಾತ್ರೆಗೆ ಆಯಿಲ್ ಪೇಂಟ್ ಡಬ್ಬಿ ತರುವವರನ್ನು ದಯವಿಟ್ಟು ತಡೆಯಿರಿ.